ಗಸಿಯ ಪಾತ್ರೆಯಲ್ಲೊಂದು ಪ್ರಯೋಗಶಾಲೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮಾಂಸಾಹಾರಿಗಳ ಮನೆಗೆ ನೆಂಟರು ಬಂದರೆ ಕೋರಿ ಗಸಿ ಆಗಲೇಬೇಕು. ತುಳುವಿನಲ್ಲಿ ‘ಕೋರಿ’ ಎಂದರೆ ಕೋಳಿ. ಕುಚ್ಚಲಕ್ಕಿಯ ಗರಿಗರಿ ರೊಟ್ಟಿಯನ್ನು ಮುರಿದು, ಮೇಲೆ ಬಿಸಿ ಗಸಿ ಸುರಿದರೆ ಕೋರಿ ರೊಟ್ಟಿ. ದೈವಕ್ಕೆ ಬಡಿಸುವ ಅಗೆಲಿನಲ್ಲೂ ಕೋಳಿಯ ಪದಾರ್ಥವಿರುತ್ತದೆ. ಅಜ್ಜಿಯಂದಿರು ರೂಢಿಯಿಂದ ಮಾಡುತ್ತ ಬಂದ ಈ ಅಡುಗೆಯ ಒಂದೊಂದು ಹೆಜ್ಜೆಯ ಹಿಂದೆಯೂ ವಿಜ್ಞಾನವಿದೆ.

ಮೊದಲನೆಯದು ಹುರಿಯುವುದು. ಒಣಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು, ತೆಂಗಿನ ತುರಿ ಎಲ್ಲವನ್ನೂ ಹುರಿದೇ ಕಡೆಯುತ್ತಾರೆ. ಹುರಿಯದೆ ಕಡೆದು ಕುದಿಸಿದರೆ ಸಾಲದೆ? ಸಾಲದು. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ; ಎಷ್ಟೇ ಬೆಂಕಿ ಹಾಕಿದರೂ ಸಾರಿನ ಉಷ್ಣತೆ ಅದನ್ನು ಹೆಚ್ಚು ಮೀರದು. ಸಕ್ಕರೆಯ ಅಂಶವೂ ಅಮೈನೋ ಆಮ್ಲಗಳೂ ಸೇರಿ ಕಂದುಬಣ್ಣ, ಘಮ ಕೊಡುವ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿ ಬೇಕು. ಒಣ ಬಾಣಲೆ ಮಾತ್ರ ಅಷ್ಟು ಕಾಯುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವಿಜ್ಞಾನಿಯ ಹೆಸರಿನಿಂದ ಇದಕ್ಕೆ ಮೈಯಾರ್ ಕ್ರಿಯೆ ಎನ್ನುತ್ತಾರೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿಗೆ ಖಾರ ಕಡಿಮೆ, ಕೆಂಪು ಹೆಚ್ಚು. ಆ ಕೆಂಪು ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ, ಖಾರ ಕ್ಯಾಪ್ಸೈಸಿನ್. ಎರಡೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಗಸಿಯ ಮೇಲೆ ತೇಲುವ ಎಣ್ಣೆ ಕೆಂಪಾಗುವುದು ಅದರಿಂದಲೇ. ಬಾಯಿ ಉರಿದಾಗ ನೀರು ಕುಡಿದರೆ ಉರಿ ಇಳಿಯದು; ಮೊಸರು, ಮಜ್ಜಿಗೆ ಇಳಿಸುತ್ತವೆ.

ತೆಂಗಿನ ದಪ್ಪ ಹಾಲನ್ನು ಕೊನೆಗೆ ಹಾಕುವುದೇಕೆ? ಅದು ನೀರಿನಲ್ಲಿ ಹರಡಿದ ಕೊಬ್ಬಿನ ಸಣ್ಣ ಹನಿಗಳ ಮಿಶ್ರಣ. ಪ್ರೋಟೀನು ಆ ಹನಿಗಳನ್ನು ಒಂದಕ್ಕೊಂದು ಕೂಡದಂತೆ ಕಾಯುತ್ತದೆ. ಜೋರಾಗಿ ಕುದಿಸಿದರೆ ಪ್ರೋಟೀನು ಹೆಪ್ಪುಗಟ್ಟಿ ಹಾಲು ಒಡೆಯುತ್ತದೆ. ಮಾಂಸ ಮುಟ್ಟದ ಮನೆಗಳ ಕಡಲೆ ಗಸಿಗೂ ಇದೇ ನಿಯಮ.

ಊರ ಕೋಳಿ ಬ್ರಾಯ್ಲರ್‌ನಷ್ಟು ಬೇಗ ಬೇಯುವುದಿಲ್ಲ. ಓಡಾಡಿ ಬಲಿತ ಕೋಳಿಯ ಸ್ನಾಯುಗಳಲ್ಲಿ ಕೊಲಾಜೆನ್ ಗಟ್ಟಿಯಾಗಿರುತ್ತದೆ. ನಿಧಾನವಾಗಿ ಬೆಂದಾಗ ಅದು ಜೆಲಾಟಿನ್ ಆಗಿ ಕರಗಿ ಸಾರಿಗೆ ಮೈ ಕೊಡುತ್ತದೆ.

ಇನ್ನು ಅಪಾಯದ ಮಾತು. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಇರಬಹುದು. ನಲ್ಲಿಯ ಕೆಳಗೆ ರಭಸವಾಗಿ ತೊಳೆದರೆ ಅವು ಸಾಯುವುದಿಲ್ಲ. ಹನಿಗಳೊಡನೆ ಪಕ್ಕದ ತರಕಾರಿಗೂ ಸಿಡಿಯುತ್ತವೆ. ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಿದರೆ ಸಾಯುತ್ತವೆ. ಹಸಿ ಮಾಂಸ ಕೊಯ್ದ ಕತ್ತಿ, ಮಣೆಯನ್ನು ಸೋಪು ಹಾಕಿ ತೊಳೆದಲ್ಲದೆ ಬೇರೆಯದಕ್ಕೆ ಬಳಸಬಾರದು.

ಬೆಂದ ಮೇಲೂ ನಿಶ್ಚಿಂತೆಯಿಲ್ಲ. ‘ರಾತ್ರಿ ಒಲೆಯ ಮೇಲಿರಲಿ, ಬೆಳಿಗ್ಗೆ ಕುದಿಸಿದರಾಯಿತು’ ಎನ್ನುವುದು ಹಲವು ಮನೆಗಳ ರೂಢಿ. ಆದರೆ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯನ್ನೂ ತಾಳಿಕೊಳ್ಳಬಲ್ಲವು. ದೊಡ್ಡ ಪಾತ್ರೆ ನಿಧಾನವಾಗಿ ಆರುವಾಗ ಮೊಳೆತು ಹೆಚ್ಚುತ್ತವೆ. ಮಕ್ಕಳು ಲೆಕ್ಕ ಹಾಕಲಿ: ಒಂದು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾದರೆ 7 ಗಂಟೆಯಲ್ಲಿ 21 ಬಾರಿ ಇಮ್ಮಡಿ, ಅಂದರೆ 20,97,152! ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಬಿಟ್ಟ ವಿಷವಂತೂ ಮತ್ತೆ ಕುದಿಸಿದರೂ ಹೋಗದು. ವಾಸನೆ, ರುಚಿ ಕೆಡದೆಯೂ ಹೊಟ್ಟೆ ಕೆಡಬಹುದು.

5ರಿಂದ 60 ಡಿಗ್ರಿಯ ನಡುವಿನ ಉಷ್ಣತೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಆದ್ದರಿಂದ ಉಳಿದ ಗಸಿಯನ್ನು ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು. ಮರುದಿನ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಅಂದಂದಿಗೆ ಬೇಕಾದಷ್ಟೇ ಮಾಡಿ, ಅಂದೇ ಮುಗಿಸುವುದು ಕ್ಷೇಮ.