ಬಿಲ್ಲಿಗೆ ಮೊದಲು ವೋಲ್ಟೇಜ್

ಚಾಣಕ್ಯಪುರಿಯ ಶಾಂತಿಪಥದಲ್ಲಿ, ಕರ್ನಾಟಕ ಭವನವಿರುವ ಕೌಟಿಲ್ಯ ಮಾರ್ಗದಲ್ಲಿ ಕಾರುಗಳು ಓಡುವುದಕ್ಕಿಂತ ನಿಂತು ಕಾಯುವುದೇ ಹೆಚ್ಚು. ಹತ್ತು ನಿಮಿಷದ ಓಟ, ಎರಡು ಗಂಟೆ ನಿಲುಗಡೆ, ಮೇಲೆ ಜನವರಿಯ ಚಳಿ. ಇಂಥ ಕಾರಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದು ಅಪರೂಪ. ಅದರ ಇಸಿಯುಗೆ ಹೊಸ ಸಾಫ್ಟ್‌ವೇರ್ ಹಾಕುವಾಗ ಕೆಲಸ ಅರ್ಧಕ್ಕೆ ನಿಂತರೆ, ‘ಇಸಿಯು ಹೋಯ್ತು’ ಎನ್ನುವ ಮೆಕ್ಯಾನಿಕ್ ಮೊದಲು ತನ್ನ ಸಲಕರಣೆ ನೋಡಿಕೊಳ್ಳಲಿ.

ಪ್ರೋಗ್ರಾಮಿಂಗ್ ವೇಳೆ ಎಂಜಿನ್ ಆಫ್, ಇಗ್ನಿಷನ್ ಆನ್. ಆಲ್ಟರ್ನೇಟರ್ ತಿರುಗುವುದಿಲ್ಲ. ಕೂಲಿಂಗ್ ಫ್ಯಾನ್ ಶುರುವಾದರೆ ಸಾಕು, ಸೊರಗಿದ ಬ್ಯಾಟರಿ 12 ವೋಲ್ಟಿನ ಕೆಳಗೆ ಜಾರುತ್ತದೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆದು ಮುಗಿಸುವ ಮೊದಲು ಹೀಗಾದರೆ ಕಾರು ಸ್ಟಾರ್ಟೇ ಆಗದಿರಬಹುದು. ಮಾಮೂಲಿ ಚಾರ್ಜರ್ ಇದಕ್ಕೆ ಸಾಲದು, ಅದರ ವೋಲ್ಟೇಜೇ ಏರಿಳಿಯುತ್ತದೆ. 13.5ರ ಆಸುಪಾಸಿನಲ್ಲಿ ಅಲುಗಾಡದೆ ನಿಲ್ಲುವ ಪವರ್ ಸಪ್ಲೈ ಬೇಕು. ಆಮೇಲೂ ತೊಂದರೆಯೇ? ಲೋಡ್ ಇರುವಾಗಲೇ ಓಬಿಡಿ ಸಾಕೆಟ್ಟಿನ 4 ಮತ್ತು 16ನೇ ಪಿನ್‌ಗಳ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಬ್ಯಾಟರಿಯಲ್ಲಿ 13.5, ಇಲ್ಲಿ 12.3 ಎಂದರೆ ದೋಷ ಅರ್ತಿನಲ್ಲೋ ಫ್ಯೂಸಿನ ಕಡೆಯ ವೈರಿಂಗಿನಲ್ಲೋ ಇದೆ, ಇಸಿಯುವಿನದಲ್ಲ.

2015ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಮೂಹ ಭಾರತದಲ್ಲಿ ಸುಮಾರು 3.23 ಲಕ್ಷ ಡೀಸೆಲ್ ಕಾರುಗಳನ್ನು ಸಾಫ್ಟ್‌ವೇರ್ ತಿದ್ದಲೆಂದು ವಾಪಸ್ ಕರೆಯುವುದಾಗಿ ಹೇಳಿತ್ತು. ಇದೇನೂ ಅಪರೂಪದ ರಿಪೇರಿಯಲ್ಲ. ಶುರುವಿನ ಮತ್ತು ಕೊನೆಯ ವೋಲ್ಟೇಜ್ ಜಾಬ್ ಕಾರ್ಡಿನಲ್ಲಿ ಬರೆದಿರದಿದ್ದರೆ, ಹೊಸ ಇಸಿಯುವಿನ ಬಿಲ್ಲನ್ನು ಮಾಲೀಕ ಕಟ್ಟಬೇಕಿಲ್ಲ.