ಹೊಸ ಕದಕ್ಕೆ ಅಗುಳಿ ಬೇಡವೇ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಸೀಮೆಯ ನಮ್ಮ ಮನೆತನಗಳ ವಧೂವರರ ವಿವರಗಳನ್ನು ನಾವು ಅನೇಕ ವರ್ಷಗಳಿಂದ ಸಂಗ್ರಹಿಸಿಟ್ಟುಕೊಂಡು, ಕೇಳಿ ಬಂದವರಿಗೆ ಒದಗಿಸುತ್ತ ಬಂದಿರುವುದು ಈ ಅಂಕಣದ ಓದುಗರಲ್ಲಿ ಹಲವರಿಗೆ ತಿಳಿದ ಸಂಗತಿಯಾಗಿದೆ. ಮೊದಲು ಇದೆಲ್ಲವೂ ದಪ್ಪ ರಟ್ಟಿನ ಪುಸ್ತಕವೊಂದರಲ್ಲಿ ಇರುತ್ತಿತ್ತು. ತರುವಾಯ ಮನೆಗೆ ಗಣಕಯಂತ್ರ ಬಂದಿತು. ಪುಸ್ತಕದಲ್ಲಿದ್ದುದು ಅದರೊಳಗೆ ಸೇರಿತು. ಹೆಣ್ಣುಮಕ್ಕಳ ಹೆಸರು, ವಯಸ್ಸು, ವಿದ್ಯಾಭ್ಯಾಸ, ಭಾವಚಿತ್ರ, ತಂದೆಯವರ ದೂರವಾಣಿ ಸಂಖ್ಯೆ ಇವೆಲ್ಲ ಅದರಲ್ಲಿವೆ. ಹೆತ್ತವರು ನಮ್ಮ ಮೇಲಿನ ವಿಶ್ವಾಸದಿಂದ ಒಪ್ಪಿಸಿದ ವಸ್ತುಗಳಿವು. ಚಿನ್ನದ ಒಡವೆಗಿಂತ ಹೆಚ್ಚಿನವು.

2025ರ ಶ್ರಾವಣ ಮಾಸದಲ್ಲಿ ಈ ಒಡವೆಯ ಪೆಟ್ಟಿಗೆಯೇ ಕೈತಪ್ಪಿ ಹೋಗುವ ಪ್ರಸಂಗವೊಂದು ಒದಗಿತು. ಅದರಿಂದ ನಾವು ಕಲಿತ ಪಾಠ ಇತರರಿಗೂ ಉಪಯುಕ್ತವಾದೀತೆಂಬ ಭಾವನೆಯಿಂದ ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ಒಂದು ಸಂಜೆ ಹಠಾತ್ತನೆ ವಿದ್ಯುತ್ತು ಹೋಗಿ ಬಂದ ಮೇಲೆ ಯಂತ್ರ ಮೇಲೇಳಲಿಲ್ಲ. ದುರಸ್ತಿ ಅಂಗಡಿಗೆ ಒಯ್ದೆವು. ಅಲ್ಲಿಯವರು ವಿಂಡೋಸ್ 10 ಕಾರ್ಯಾಚರಣೆ ವ್ಯವಸ್ಥೆಯನ್ನು ತಮ್ಮಲ್ಲಿದ್ದ ಹಳೆಯ ಪೆನ್‌ಡ್ರೈವಿನಿಂದ ಮತ್ತೆ ಸ್ಥಾಪಿಸಿ, ಮರುದಿನವೇ ಹಿಂತಿರುಗಿಸಿದರು. ಯಂತ್ರ ಚುರುಕಾಗಿತ್ತು, ನಮಗೂ ಸಂತೋಷವಾಯಿತು. ಆದರೆ ಮೂರು ಸಂಗತಿಗಳು ಕಣ್ಣಿಗೆ ಬಿದ್ದವು. ವಧೂವರರ ಪಟ್ಟಿ ಇದ್ದಲ್ಲಿ ಇರಲಿಲ್ಲ. ಜಾಲತಾಣಗಳನ್ನು ತೆರೆಯಹೋದರೆ ಎಚ್ಚರಿಕೆಯ ಸೂಚನೆ ಬರುತ್ತಿತ್ತು. ವಿಂಡೋಸ್ ಅಪ್‌ಡೇಟ್, ಅಂದರೆ ತಯಾರಕರು ಕಾಲಕಾಲಕ್ಕೆ ಕಳುಹಿಸುವ ತಿದ್ದುಪಡಿಗಳ ವ್ಯವಸ್ಥೆ, ಏನು ಮಾಡಿದರೂ ಮುಂದೆ ಸಾಗುತ್ತಿರಲಿಲ್ಲ. ಅಂಗಡಿಗೆ ಕರೆ ಮಾಡಿದಾಗ, "ಅಪ್‌ಡೇಟ್ ಇಲ್ಲದಿದ್ದರೇ ಚಲೋ ಬಿಡ್ರಿ, ಮಷಿನ್ ಹಗುರ ಓಡ್ತದ" ಎಂಬ ಉತ್ತರ ಬಂದಿತು.

ಈ ಮಾತನ್ನು ನಂಬುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದ್ದರಿಂದ ಒಂದು ನಿಜಸಂಗತಿಯನ್ನು ಜ್ಞಾಪಿಸುತ್ತೇವೆ. ವಿಂಡೋಸ್‌ನಲ್ಲಿದ್ದ ಒಂದು ದೋಷವನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2017ರ ಮಾರ್ಚ್ 14ರಂದು ಬಿಡುಗಡೆ ಮಾಡಿತ್ತು. ಅದೇ ದೋಷದ ಬಿರುಕಿನಿಂದ ನುಗ್ಗುವ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಮೇ 12ರಂದು ಹಬ್ಬಿತು. ನಡುವೆ ಸುಮಾರು ಎರಡು ತಿಂಗಳ ಅವಧಿ ಇತ್ತು. ಅಷ್ಟರೊಳಗೆ ತಿದ್ದುಪಡಿಯನ್ನು ಹಾಕಿಕೊಂಡವರ ಯಂತ್ರಗಳೊಳಗೆ ಆ ಬಿರುಕಿನಿಂದ ನುಗ್ಗಲು ಅದಕ್ಕೆ ಸಾಧ್ಯವಾಗಲಿಲ್ಲ. ಹಾಕಿಕೊಳ್ಳದವರ ಕಡತಗಳಿಗೆ ಬೀಗ ಬಿದ್ದು, ತೆಗೆಯಲು ಹಣದ ಬೇಡಿಕೆ ಬಂದಿತು. ನೂರೈವತ್ತು ದೇಶಗಳಲ್ಲಿ ಹಾವಳಿಯಾಯಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಚಿಕಿತ್ಸೆಯ ದಿನಗಳನ್ನೇ ಮುಂದೂಡಬೇಕಾಯಿತು. ಹೊಸದಾಗಿ ಸ್ಥಾಪಿಸಿದ ವ್ಯವಸ್ಥೆಯು ಹೊಸ ಕದದಂತೆ ನೋಡಲು ಅಂದವಾಗಿರುತ್ತದೆ; ತಿದ್ದುಪಡಿಗಳು ಬರುವವರೆಗೆ ಅದಕ್ಕೆ ಅಗುಳಿ ಇರುವುದಿಲ್ಲ.

ಅದೇ ವಾರ ಕೂಡ್ಲಿಗಿಯಿಂದ ತಾಯಿಯೊಬ್ಬರು ದೂರವಾಣಿಯಲ್ಲಿ ಮಾತನಾಡಿದರು. "ಅಣ್ಣಾರೆ, ನಿಮ್ಮ ಕಂಪ್ಯೂಟರ್ ಕೆಟ್ಟು ಅಂಗಡಿಗೆ ಹೋಗಿತ್ತಂತೆ. ನಮ್ಮ ಹುಡುಗಿ ಫೋಟೋ ಎಲ್ಲಾ ಜ್ವಾಪಾನ ಐತಲ್ರೀ?" ಎಂದು ಕೇಳಿದರು. ನಾವು ಏನೆಂದು ಹೇಳುವುದು? ಫೋಟೋ ಇದೆಯೋ ಇಲ್ಲವೋ, ಇದ್ದರೆ ಅದು ಯಾರ ಕೈಗೂ ಸಿಗದಂತಿದೆಯೋ ಎಂಬುದು ನಮಗೇ ತಿಳಿಯದು. "ತಾಯಿ, ನಾಲ್ಕು ದಿನ ಸಮಯ ಕೊಡಿರಿ, ನೋಡಿ ಹೇಳುತ್ತೇವೆ" ಎಂದೆವು. ಆ ರಾತ್ರಿ ನಿದ್ರೆ ಹತ್ತಲಿಲ್ಲ.

ಹಡಗಲಿಯಲ್ಲಿರುವ ನಮ್ಮ ಸೋದರಳಿಯನಿಗೆ ಈ ವಿದ್ಯೆಯಲ್ಲಿ ಪರಿಶ್ರಮವಿದೆ. ಭಾನುವಾರ ಬಂದವನು ಯಂತ್ರದ ಮುಂದೆ ಕುಳಿತು, ಮೂಲೆಯಲ್ಲಿದ್ದ ಗಡಿಯಾರದತ್ತ ಬೆರಳು ತೋರಿಸಿದ. "ಮಾವಾ, ಇಲ್ಲಿ ತಾರೀಖು ನೋಡ್ರಿ" ಎಂದ. 2012 ಎಂದಿತ್ತು! ಯಂತ್ರದೊಳಗೆ ಎಂಟಾಣೆ ನಾಣ್ಯದಷ್ಟು ಚಿಕ್ಕದಾದ, ಸಿಆರ್ 2032 ಎಂಬ ಮೂರು ವೋಲ್ಟಿನ ಬ್ಯಾಟರಿ ಇರುತ್ತದೆ. ವಿದ್ಯುತ್ತು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಹಲವು ವರ್ಷಗಳಾದ ಮೇಲೆ ಅದು ಬರಿದಾಗುತ್ತದೆ. ಆಗ ಪ್ರತಿ ಸಲ ಸ್ವಿಚ್ ಆರಿಸಿದಾಗಲೂ ಯಂತ್ರ ಹಳೆಯ ತಾರೀಖಿಗೆ ಮರಳುತ್ತದೆ.

ತಾರೀಖಿಗೂ ತಿದ್ದುಪಡಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸುರಕ್ಷಿತ ತಾಣಗಳು ತಮ್ಮ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ತೋರಿಸುತ್ತವೆ. ಬಸ್ ಪಾಸಿನಲ್ಲಿರುವಂತೆ ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಬರೆದಿರುತ್ತದೆ. ಇನ್ನೂ 2012ರಲ್ಲಿಯೇ ಇರುವೆನೆಂದು ತಿಳಿದಿರುವ ಯಂತ್ರಕ್ಕೆ 2025ರ ಪ್ರಮಾಣಪತ್ರವನ್ನು ತೋರಿಸಿದರೆ, "ಇದರ ಅವಧಿ ಇನ್ನೂ ಆರಂಭವೇ ಆಗಿಲ್ಲ" ಎಂದು ಅದು ಬಾಗಿಲು ಮುಚ್ಚುತ್ತದೆ. ಗಡಿಯಾರ ವರ್ಷಗಟ್ಟಲೆ ಹಿಂದೆ ಬಿದ್ದಿದ್ದರೆ ಅಂತರ್ಜಾಲದಿಂದ ತಾನಾಗಿಯೇ ಸರಿಹೋಗುವುದೂ ಅನೇಕ ಸಲ ಆಗುವುದಿಲ್ಲ. ಗಡಿಯಾರದ ಅಂಗಡಿಯಿಂದ ಹೊಸ ಬ್ಯಾಟರಿ ತಂದು ಹಾಕಿದೆವು. ದಿನಾಂಕ, ವೇಳೆಗಳನ್ನು ತಿದ್ದಿ, ಭಾರತದ ಕಾಲವಲಯವನ್ನು ಆರಿಸಿದೆವು. ಜಾಲತಾಣಗಳ ಎಚ್ಚರಿಕೆ ಕೂಡಲೇ ನಿಂತಿತು.

ಆದರೂ ಅಪ್‌ಡೇಟ್ ಕದಲಲಿಲ್ಲ. ಅಳಿಯ ಸರ್ವಿಸಸ್ ಎಂಬ ಕಿಟಕಿಯನ್ನು ತೆರೆದು, ವಿಂಡೋಸ್ ಅಪ್‌ಡೇಟ್ ಎಂಬ ಸೇವೆಯನ್ನು ತೋರಿಸಿದ. ಅದರೆದುರು 'ಡಿಸೇಬಲ್ಡ್' ಎಂದು, ಅಂದರೆ ಸ್ಥಗಿತಗೊಳಿಸಲಾಗಿದೆ ಎಂದು ಇತ್ತು. ಅಂಗಡಿಯವರೇ ಅದನ್ನು ನಿಲ್ಲಿಸಿದ್ದರು. ದುರುದ್ದೇಶದಿಂದಲ್ಲ, ತಿದ್ದುಪಡಿ ಇಳಿಯುವಾಗ ಯಂತ್ರ ನಿಧಾನವಾಯಿತೆಂದು ಗಿರಾಕಿಗಳು ದೂರುವುದರಿಂದ ಇದು ಕೆಲವರಿಗೆ ರೂಢಿಯಾಗಿದೆ. ಕೆಲಸ ಒಪ್ಪಿಸುವಾಗ ಇದನ್ನು ಕೇಳಿ ತಿಳಿದುಕೊಳ್ಳಬೇಕಾದದ್ದು ನಮ್ಮ ಹೊಣೆಯಾಗಿತ್ತು. ಅದನ್ನು 'ಮ್ಯಾನ್ಯುಯಲ್' ಎಂದು ಬದಲಿಸಿ, ಸೇವೆಯನ್ನು ಆರಂಭಿಸಿದೆವು. ಮೊಬೈಲಿನಿಂದ ಅಂತರ್ಜಾಲ ಪಡೆಯುವವರು ಇನ್ನೊಂದನ್ನು ಗಮನಿಸಬೇಕು. ಆ ಸಂಪರ್ಕವು 'ಮೀಟರ್ಡ್', ಅಂದರೆ ಅಳತೆಯ ಸಂಪರ್ಕವೆಂದು ಗುರುತಾಗಿದ್ದರೆ ಹೆಚ್ಚಿನ ತಿದ್ದುಪಡಿಗಳು ತಾವಾಗಿ ಇಳಿಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಗುರುತನ್ನು ತೆಗೆಯಬೇಕು.

ಈಗ ತಿದ್ದುಪಡಿ ಇಳಿಯತೊಡಗಿತು. ಅರ್ಧಕ್ಕೆ ಬಂದಾಗ ಮತ್ತೆ ವಿದ್ಯುತ್ತು ಹೋಯಿತು! ಮರಳಿ ಚಾಲೂ ಮಾಡಿದರೆ ಅದೇ ಅಂಕಿಯಲ್ಲಿ ನಿಂತುಬಿಟ್ಟಿತ್ತು. ಹೀಗೆ ಅರೆಬರೆ ಇಳಿದು ಕೆಟ್ಟ ಕಡತಗಳು ದಾರಿಗೆ ಅಡ್ಡವಾಗುವುದುಂಟು. ಮೊದಲು ಸೆಟ್ಟಿಂಗ್ಸ್‌ನಲ್ಲಿರುವ ಟ್ರಬಲ್‌ಶೂಟರ್ ಎಂಬ ದೋಷಶೋಧಕವನ್ನು ಪ್ರಯೋಗಿಸಿದೆವು, ಫಲ ದೊರೆಯಲಿಲ್ಲ. ಆಗ ಸರ್ವಿಸಸ್ ಕಿಟಕಿಯಲ್ಲಿ ವಿಂಡೋಸ್ ಅಪ್‌ಡೇಟ್ ಮತ್ತು ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಎಂಬೆರಡು ಸೇವೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ವಿಂಡೋಸ್ ಫೋಲ್ಡರಿನೊಳಗಿನ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು, ಯಂತ್ರವನ್ನು ಮತ್ತೆ ಚಾಲೂ ಮಾಡಿದೆವು. ವಿಂಡೋಸ್ ತಾನೇ ಹೊಸದೊಂದನ್ನು ಸೃಷ್ಟಿಸಿಕೊಂಡು ಕೆಲಸವನ್ನು ಮೊದಲಿನಿಂದ ಆರಂಭಿಸಿತು. ಈ ಫೋಲ್ಡರಿನಲ್ಲಿ ನಮ್ಮ ಸ್ವಂತದ ಯಾವ ಬರಹವೂ ಇರುವುದಿಲ್ಲವಾದುದರಿಂದ ಭಯಪಡಬೇಕಾಗಿಲ್ಲ.

ಮುಂದಿನ ಅಡ್ಡಿ ಸ್ಥಳಾಭಾವದ್ದು. ಅಂಗಡಿಯವರು ಹಾಕಿದ್ದುದು 2018ರ ಆವೃತ್ತಿ. ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಅನ್ನು ತಲುಪಬೇಕಾದರೆ ಡಿಸ್ಕಿನಲ್ಲಿ ಸುಮಾರು 20 ಗಿಗಾಬೈಟ್ ಖಾಲಿ ಇರುವುದು ಒಳಿತು. ನಮ್ಮಲ್ಲಿ ಅಷ್ಟಿರಲಿಲ್ಲ. ಜಾಗವನ್ನು ನುಂಗಿದ್ದು ಯಾವುದೆಂದು ಹುಡುಕಿದಾಗ 'ವಿಂಡೋಸ್ ಡಾಟ್ ಓಲ್ಡ್' ಎಂಬ ದೊಡ್ಡ ಫೋಲ್ಡರ್ ಕಂಡಿತು. ಡಿಸ್ಕನ್ನು ಪೂರ್ತಿ ಅಳಿಸದೆ ಮರುಸ್ಥಾಪನೆ ಮಾಡಿದಾಗ ಹಳೆಯ ವ್ಯವಸ್ಥೆಯೆಲ್ಲ ಇದರೊಳಗೆ ಸರಿಯುತ್ತದೆ. ಇದನ್ನು ಅಳಿಸಿದರೆ ಜಾಗವಾಗುತ್ತದೆಂದು ನಾವು ಕೈ ಮುಂದೆ ಮಾಡಿದೆವು. ಅಳಿಯ ಕೈ ಹಿಡಿದು ತಡೆದ. "ಅವಸರ ಬ್ಯಾಡ್ರಿ ಮಾವಾ. ನಿಮ್ಮ ಪಟ್ಟಿ ಇದರೊಳಗೇ ಇರ್ಬೇಕು" ಎಂದ.

ಅದರೊಳಗಿನ ಯೂಸರ್ಸ್ ಎಂಬ ಫೋಲ್ಡರನ್ನು ತೆರೆದಾಗ ನಮ್ಮ ಪಟ್ಟಿಯೂ ಭಾವಚಿತ್ರಗಳೂ ಹಾಗೆಯೇ ಇದ್ದವು. ಈ ಫೋಲ್ಡರ್ ಕೆಲವು ದಿನಗಳಾದ ಮೇಲೆ, ಸಾಮಾನ್ಯವಾಗಿ ಹತ್ತು ದಿನಗಳ ತರುವಾಯ, ತಾನಾಗಿಯೇ ಅಳಿಸಿಹೋಗುವ ಸಂಭವವಿದೆಯೆಂದು ತಿಳಿದು ಎದೆ ಝಲ್ಲೆಂದಿತು. ನಾವು ಅಲ್ಲಿಗೆ ತಲುಪಿದ್ದು ಎಂಟನೆಯ ದಿನ. ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಒಂದೊಂದಾಗಿ ತೆರೆದು ನೋಡಿ, ಆ ಬಳಿಕವೇ ಡಿಸ್ಕ್ ಕ್ಲೀನಪ್ ಮೂಲಕ ಹಳೆಯದನ್ನು ತೆಗೆದೆವು.

ತೆರೆದು ನೋಡುವಾಗ ಇನ್ನೊಂದು ಗಾಬರಿ ಕಾದಿತ್ತು. ಪಟ್ಟಿಯಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಡತ ಕೆಟ್ಟಿದೆಯೆಂದು ಎಷ್ಟು ಮನೆಗಳಲ್ಲಿ ಇಂಥವನ್ನು ಅಳಿಸಿಬಿಟ್ಟಿರುವರೋ! ವಾಸ್ತವವಾಗಿ ಅದು ಕೆಟ್ಟಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಮರುಸ್ಥಾಪನೆಯಾದಾಗ ಆ ಅಕ್ಷರಶೈಲಿ ಹೋಗುತ್ತದೆ. ಕೆಳಗಿನ ಇಂಗ್ಲಿಷ್ ಅಕ್ಷರಗಳು ಬಯಲಾಗುತ್ತವೆ. ನುಡಿಯನ್ನು ಮತ್ತೆ ಹಾಕಿದೊಡನೆ ಎಲ್ಲವೂ ಕನ್ನಡವಾಯಿತು. ಪರಿವರ್ತಕದ ನೆರವಿನಿಂದ ಪಟ್ಟಿಯನ್ನು ಯೂನಿಕೋಡಿಗೂ ಬದಲಿಸಿಕೊಂಡೆವು. ಇನ್ನು ಅದನ್ನು ಮೊಬೈಲಿನಲ್ಲಿ ಸಹ ಓದಬಹುದು. ಪ್ರತ್ಯೇಕ ಅಕ್ಷರಶೈಲಿಯ ಹಂಗಿಲ್ಲ.

ಜಾಗವಾದ ಮೇಲೆ ಮೈಕ್ರೋಸಾಫ್ಟ್ ಸಂಸ್ಥೆಯ ತಾಣದಿಂದಲೇ ಸಾಧನವನ್ನು ಪಡೆದು, ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆಯೊಂದಿಗೆ 22ಎಚ್2ಕ್ಕೆ ಏರಿಸಿದೆವು. ಆ ನಂತರವೂ ಮೂರು ನಾಲ್ಕು ಸಲ ತಿದ್ದುಪಡಿ ಹುಡುಕಿ, ಪ್ರತಿ ಸಲವೂ ಯಂತ್ರವನ್ನು ಆರಿಸಿ ಹೊತ್ತಿಸಬೇಕಾಯಿತು. ಒಂದು ತಿದ್ದುಪಡಿ ಕುಳಿತ ಮೇಲೆಯೇ ಮುಂದಿನದು ಕಾಣುವುದುಂಟು. 'ಯಾವುದೂ ಬಾಕಿ ಇಲ್ಲ' ಎನ್ನುವವರೆಗೆ ತಾಳ್ಮೆಯಿಂದ ಮುಂದುವರಿಯಬೇಕು.

ವಿಂಡೋಸ್ 10ಕ್ಕೆ ಉಚಿತ ತಿದ್ದುಪಡಿಗಳ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯ ಯಂತ್ರಗಳನ್ನು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿಗಳನ್ನು ನೀಡುವುದಾಗಿ ಸಂಸ್ಥೆ ಪ್ರಕಟಿಸಿತು. ಅದಕ್ಕೆ ಯಂತ್ರ 22ಎಚ್2ರಲ್ಲಿ ಇರಲೇಬೇಕೆಂಬ ನಿಯಮವಿತ್ತು. ನಾವು ನೋಂದಾಯಿಸಿಕೊಂಡೆವು. ನಮ್ಮ ಹಳೆಯ ಯಂತ್ರಕ್ಕೆ ವಿಂಡೋಸ್ 11 ಒಗ್ಗುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ ಹೊಸ ಬಗೆಯ ಪ್ರೊಸೆಸರೂ ಬೇಕು. ಇನ್ನೂ ವಿಂಡೋಸ್ 7 ಬಳಸುತ್ತಿರುವವರಿಗಂತೂ ಸಾಮಾನ್ಯ ತಿದ್ದುಪಡಿಗಳು 2020ರ ಜನವರಿ 14ರಂದೇ ನಿಂತಿವೆ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನಾಗಲಿ ಪರರ ವಿವರಗಳನ್ನಾಗಲಿ ಇಡಬಾರದೆಂದು ಕಳಕಳಿಯಿಂದ ವಿನಂತಿಸುತ್ತೇವೆ.

ಯಂತ್ರ ಸರಿಹೋದ ಮೇಲೆ ಪಟ್ಟಿಯನ್ನು ಸಾವಕಾಶವಾಗಿ ಓದಿದೆವು. ಆಗ ನಮ್ಮ ತಪ್ಪು ನಮಗೇ ಕಂಡಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದಾಗ ಅದರ ಪಾಲಾಯಿತು. ನಮ್ಮ ಪಟ್ಟಿಯಲ್ಲಿ ಎಷ್ಟೋ ಮನೆತನಗಳು ಇನ್ನೂ ದಾವಣಗೆರೆಯಲ್ಲಿಯೇ ಉಳಿದಿದ್ದವು. ಅದು ಹೋಗಲಿ, ಮದುವೆಯಾಗಿ ಮಕ್ಕಳ ತಾಯಂದಿರಾದ ಹೆಣ್ಣುಮಕ್ಕಳ ಭಾವಚಿತ್ರಗಳು ಸಹ ಹಾಗೆಯೇ ಇದ್ದವು. ಯಂತ್ರಕ್ಕೆ ತಿದ್ದುಪಡಿ ಆಗಲಿಲ್ಲವೆಂದು ಪರಿತಪಿಸಿದ ನಾವು, ನಮ್ಮ ಕೈಯಲ್ಲಿದ್ದ ಪಟ್ಟಿಯನ್ನು ವರ್ಷಗಟ್ಟಲೆ ತಿದ್ದಿರಲಿಲ್ಲ.

ಆ ಹಳೆಯ ವಿವರಗಳನ್ನೆಲ್ಲ ಅಳಿಸಿದೆವು. ಉಳಿದುದಕ್ಕೆ ಸಂಕೇತಪದದ ಬೀಗ ಹಾಕಿದೆವು. ಒಂದು ಪ್ರತಿ ನಮ್ಮಲ್ಲಿದೆ; ಮತ್ತೊಂದು, ಬೀಗದೊಂದಿಗೇ, ಹಡಗಲಿಯಲ್ಲಿದೆ. ಇನ್ನು ಮುಂದೆ ಯಂತ್ರವನ್ನು ಅಂಗಡಿಗೆ ಒಯ್ಯುವ ಮೊದಲು ಪಟ್ಟಿಯನ್ನು ಅದರಿಂದ ತೆಗೆದಿಡುವುದೆಂದು ನಿಯಮ ಮಾಡಿಕೊಂಡಿದ್ದೇವೆ.

ಆ ಬಳಿಕ ಕೂಡ್ಲಿಗಿಯ ಆ ತಾಯಿಗೆ ನಾವೇ ಕರೆ ಮಾಡಿದೆವು. ಫೋಟೋ ಸಿಕ್ಕಿತೆಂದೂ, ಒಂದು ವಾರ ಕಾಲ ಅದು ಭದ್ರವಾಗಿ ಇರಲಿಲ್ಲವೆಂದೂ, ಈಗ ಇದೆಯೆಂದೂ ಇದ್ದುದನ್ನು ಇದ್ದಂತೆ ತಿಳಿಸಿದೆವು. ಕ್ಷಣಕಾಲ ಸುಮ್ಮನಿದ್ದ ಅವರು, "ಖರೇ ಹೇಳಿದ್ರಿ, ಅಷ್ಟು ಸಾಕ್ರಿ ಅಣ್ಣಾರೆ. ಇರ್ಲಿ, ಪಟ್ಟಿ ಒಳಗ ಇಟ್ಟಿರ್ರಿ" ಎಂದರು.

ತಮ್ಮ ಮಕ್ಕಳ ವಿವರಗಳನ್ನು ನಮ್ಮಲ್ಲಿ ಕೊಟ್ಟಿರುವ ಬಂಧುಗಳು, ವಿವಾಹ ನಿಶ್ಚಯವಾದೊಡನೆ ಒಂದು ಮಾತು ತಿಳಿಸಬೇಕಾಗಿ ಪ್ರಾರ್ಥನೆ. ಅಳಿಸುವ ಕಾರ್ಯವನ್ನು ಅಂದೇ ಮಾಡುತ್ತೇವೆ.