ಜೇಬಿನಲ್ಲಿ ಫ್ಯೂಸ್ ಇಲ್ಲದ ಸಿಗರೇಟು!



ಇವತ್ತು ಸ್ವಲ್ಪ ಜಗಳ ಆಡಲಿಕ್ಕೇ ಕೂತಿದ್ದೇವೆ. ಇ-ಸಿಗರೇಟು, ಅಂದರೆ ಹುಡುಗರ ಬಾಯಲ್ಲಿ 'ವೇಪ್', ಇದರ ಮಾತೆತ್ತಿದರೆ ನಮ್ಮಲ್ಲಿ ಎರಡು ಉತ್ತರ ತಯಾರಿರುತ್ತವೆ. ಒಂದು, "ಅದಕ್ಕ ಸರಕಾರದ ಬಂದಿ ಐತಲ್ರೀ ಸರ್!" ಇನ್ನೊಂದು, "ಅದು ಪುಣೆ-ಮುಂಬೈ ಹುಡುಗರ ಚಟ, ನಮ್ಮ ಕನ್ನಡ ಸಾಲಿ ಮಕ್ಕಳಿಗೆ ಯಾಕ್ರೀ?" ಎರಡೂ ಜಾರಿಕೊಳ್ಳುವ ಉತ್ತರಗಳು ಎಂಬುದು ನಮ್ಮ ವಾದ.

ಮೊದಲು ಬಂದಿಯ ಮಾತು. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. ಕೇಂದ್ರ ಸರಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು, ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿತು. ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಯಾವುದೂ ಕೂಡದು. ಮೊದಲ ಸಲ ಮಾರಿ ಸಿಕ್ಕರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳ್ಳೆಯ ಕಾಯ್ದೆ, ನಮ್ಮ ತಕರಾರಿಲ್ಲ. ಆದರೆ ಕಳ್ಳದಾರಿಯಲ್ಲಿ ಬಂದ ಮಾಲಿಗೆ ತಪಾಸಣೆ ಮಾಡುವವರು ಯಾರು? ಅದಕ್ಕೆ ಬಿಲ್ಲಿಲ್ಲ, ಗ್ಯಾರಂಟಿಯಿಲ್ಲ. ಒಳಗೆ ಯಾವ ಬ್ಯಾಟರಿ ತುಂಬಿದ್ದಾರೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಬಂದಿ ಇದೆ ಎಂದು ನಾವು ಬಾಯಿ ಮುಚ್ಚಿಕೊಂಡರೆ ಹುಡುಗನಿಗೆ ಹೇಳುವವರೇ ಇಲ್ಲ.

ಏನು ಹೇಳಬೇಕು? "ಕೆಟ್ಟ ಚಟ, ಪುಪ್ಪುಸ ಹಾಳಾಗುತ್ತದೆ" ಅನ್ನುತ್ತೇವೆ. ನಿಜವೇ. ಆದರೆ ಹದಿನಾಲ್ಕರ ಹುಡುಗ ಐವತ್ತನೇ ವಯಸ್ಸಿನ ರೋಗಕ್ಕೆ ಇಂದು ಹೆದರುತ್ತಾನೆಯೇ? ಅವನ ಪ್ಯಾಂಟಿನ ಜೇಬಿನಲ್ಲಿ ಇಂದೇ ಇರುವ ಅಪಾಯವನ್ನು ತೋರಿಸಿ. ಅದು ಓಮ್‌ನ ನಿಯಮದಲ್ಲಿದೆ!

ಇಚಲಕರಂಜಿಯ ಮಕ್ಕಳಿಗೆ ಫ್ಯೂಸ್ ಅಂದರೇನು ಎಂದು ಕಲಿಸಬೇಕಾಗಿಲ್ಲ. ಪವರ್‌ಲೂಮ್ ಶೆಡ್ಡಿನಲ್ಲಿ ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತಿದರೆ ಅಪ್ಪ ಬೈಯುತ್ತಾನೆ. ಹತ್ತಿಯ ಧೂಳು ತುಂಬಿದ ಜಾಗದಲ್ಲಿ ತಂತಿ ಕಾದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತು. ವೇಪ್‌ಗಳಲ್ಲಿ ಒಂದು ಜಾತಿ ಇದೆ. ಒಳಗೆ ಕರೆಂಟು ತಡೆಯುವ ಸರ್ಕಿಟ್ಟೂ ಇಲ್ಲ, ಫ್ಯೂಸೂ ಇಲ್ಲ. ಬ್ಯಾಟರಿ, ಗುಂಡಿ, ಸುರುಳಿ ತಂತಿ, ಅಷ್ಟೇ. ಗುಂಡಿ ಒತ್ತಿದರೆ ತಂತಿ ಕಾದು ದ್ರವ ಆವಿಯಾಗುತ್ತದೆ.

ಈಗ ಲೆಕ್ಕ ಮಾಡಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ-ಅಯಾನ್ ಸೆಲ್ಲಿಗೆ '18650' ಎಂದು ಹೆಸರು. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಸುರುಳಿಯ ರೋಧ 0.5 ಓಮ್ ಇದ್ದರೆ 4.2 ಭಾಗಿಸು 0.5, ಅಂದರೆ 8.4 ಆಂಪಿಯರ್. ಹೊಗೆ ದಟ್ಟ ಬರಲಿ ಎಂದು ರೋಧವನ್ನು 0.1 ಓಮ್‌ಗೆ ಇಳಿಸಿದರೆ? 42 ಆಂಪಿಯರ್! ಮನೆಯ ದೀಪದ ಸಾಲಿಗೆ ನಾವು ಹಾಕುವ ಫ್ಯೂಸ್ 5 ಆಂಪಿಯರ್‌ನದು. ಲ್ಯಾಪ್‌ಟಾಪಿಗೆಂದು ಮಾಡಿದ ಎಷ್ಟೋ ಸೆಲ್ಲುಗಳ ಮಿತಿ 10 ಆಂಪಿಯರ್ ಒಳಗೇ. ಉಷ್ಣ ಹುಟ್ಟುವುದು ಪ್ರವಾಹದ ವರ್ಗಕ್ಕೆ ತಕ್ಕಂತೆ. ಕರೆಂಟು ಐದು ಪಟ್ಟಾದರೆ ಸೆಲ್ಲಿನ ಒಳಗಿನ ಕಾವು ಇಪ್ಪತ್ತೈದು ಪಟ್ಟು. ಒಳಗಿನ ತೆಳು ಪ್ಲಾಸ್ಟಿಕ್ ಪರದೆ ಸುಮಾರು 130 ಡಿಗ್ರಿಗೆ ಕರಗತೊಡಗುತ್ತದೆ. ಆಮೇಲೆ ಧನ-ಋಣ ಒಂದಕ್ಕೊಂದು ತಾಗಿ, ಒಳಗಿನ ದ್ರವಕ್ಕೇ ಬೆಂಕಿ.

"ಸರ್, ಇದರ ಮ್ಯಾಲ 9900 ಎಂಎಎಚ್ ಅಂತ ಬರದೈತಿ, ಭಾರೀ ಪವರ್!" ಅನ್ನುವ ಹುಡುಗನಿಗೂ ಉತ್ತರ ಬೇಕು. ಎಂಎಎಚ್ ಅಂದರೆ ಹಂಡೆಯಲ್ಲಿ ನೀರೆಷ್ಟು ಎಂಬ ಲೆಕ್ಕ, ನಳದಿಂದ ಎಷ್ಟು ಜೋರು ಬಿಡಬಹುದು ಎಂಬುದಲ್ಲ. ಒಳ್ಳೆಯ ಕಂಪನಿಯ 18650 ಸೆಲ್ಲು ಸಾಮಾನ್ಯವಾಗಿ 2000ದಿಂದ 3600. ಹಾಗಾದರೆ 9900 ಎಂಬುದು ಶುದ್ಧ ಸುಳ್ಳು. ಅಲ್ಲೇ ಸುಳ್ಳು ಬರೆದವನು ಆಂಪಿಯರ್ ವಿಷಯದಲ್ಲಿ ಸತ್ಯ ಹೇಳುತ್ತಾನೆಯೇ?

ಗುಂಡಿ ಒತ್ತದೆಯೂ ಅನಾಹುತ ಆಗುತ್ತದೆ. ಈ ಸೆಲ್ಲಿನ ಹೊರಕವಚ ಪೂರ್ತಿ ಋಣ ಧ್ರುವ. ಮೇಲಿನ ಪ್ಲಾಸ್ಟಿಕ್ ಹರಿದು, ಜೇಬಿನಲ್ಲಿ ಕೀಲಿಕೈಯೋ ಚಿಲ್ಲರೆಯೋ ತಾಗಿದರೆ ಸೀದಾ ಶಾರ್ಟ್. ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗೆ ಪತ್ರಿಕೆಗಳಲ್ಲಿ ಬಂದ ಇಂಥ 195 ಬೆಂಕಿ-ಸ್ಫೋಟಗಳನ್ನು ಲೆಕ್ಕ ಹಾಕಿತು. 61 ಆಗಿದ್ದು ಜೇಬಿನಲ್ಲಿ! 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಾಸಿನಲ್ಲಿ ವೇಪ್ ಸಿಡಿದು ಒಬ್ಬೊಬ್ಬರು ಸತ್ತೇ ಹೋದರು.

ಇನ್ನು "ನಮ್ಮ ಮಕ್ಕಳಿಗೆ ಯಾಕೆ" ಎಂಬುವವರಿಗೆ. ನಿಪ್ಪಾಣಿಯ ತಂಬಾಕಿನ ವಾಸನೆ ಗಡಹಿಂಗ್ಲಜದ ಮಕ್ಕಳಿಗೆ ಹೊಸದಲ್ಲ. ಬೀಡಿ ಸೇದಿ ಬಂದವನನ್ನು ನಾವು ದೂರದಿಂದಲೇ ಹಿಡಿಯುತ್ತೇವೆ. ವೇಪ್‌ಗೆ ಹಣ್ಣಿನ ವಾಸನೆ, ಪೆನ್ನಿನ ರೂಪ. ಎಷ್ಟು ಮಂದಿ ಮಾಸ್ತರರು ಗುರುತಿಸಬಲ್ಲರು? ಅದೂ ಬೇಡ, ಸಿಗರೇಟೇ ಮುಟ್ಟದ ಹುಡುಗನ ಟಾರ್ಚಿನಲ್ಲಿ, ಪವರ್ ಬ್ಯಾಂಕಿನಲ್ಲಿ ಇದೇ ಜಾತಿಯ ಸೆಲ್ಲು ಇದೆ. ಕೆಟ್ಟ ಲ್ಯಾಪ್‌ಟಾಪ್ ಬಿಚ್ಚಿ ಸೆಲ್ಲು ತೆಗೆಯುವ ಕೌತುಕ ಕೊಲ್ಹಾಪುರದ ಹುಡುಗನಿಗಿಲ್ಲವೇ?

"ಇದನ್ನೆಲ್ಲ ಹೇಳಿದರ ಚಟಾನ ಕಲಿಸಿದಂಗ" ಎನ್ನುವವರೂ ಇದ್ದಾರೆ. ಸ್ವಾಮಿ, ಫ್ಯೂಸಿನ ಪಾಠ ಮಾಡಿದವನು ಕರೆಂಟು ಕದಿಯಲು ಕಲಿಸಿದಂತೆ ಆಗುತ್ತದೆಯೇ? ಮೇ 31 ತಂಬಾಕುರಹಿತ ದಿನ. ಅಂದು ನಮ್ಮ ಶಾಲೆಗಳಿಗೆ ಬೇಸಿಗೆ ರಜೆ! ಘೋಷಣೆ ಯಾರಿಗೆ ಕೂಗುತ್ತೀರಿ? ಅದರ ಬದಲು ಓಮ್‌ನ ನಿಯಮದ ದಿನ ಒಂದು ತಾಸು ಕೊಡಿ. ವಿಭವಾಂತರ, ರೋಧ, ಪ್ರವಾಹ ಎಂದು ಗಿಳಿಪಾಠ ಒಪ್ಪಿಸುವ ಮಗು 4.2ನ್ನು 0.1ರಿಂದ ಭಾಗಿಸಿ ತಾನೇ ಬೆಚ್ಚಿಬೀಳಲಿ. ಹರಿದ ಕವಚದ ಸೆಲ್ಲು ಮುಟ್ಟಬಾರದು, ಬಿಡಿ ಸೆಲ್ಲು ಜೇಬಿಗೆ ಹಾಕಬಾರದು, ಉಬ್ಬಿದ ಬ್ಯಾಟರಿ ಚಾರ್ಜ್ ಮಾಡಬಾರದು, ದಿಂಬಿನ ಕೆಳಗೆ ಚಾರ್ಜಿಗೆ ಇಡಬಾರದು. ಈ ನಾಲ್ಕು ಮಾತು ಫಲಕದ ಮೇಲೆ ಬರೆಯಿರಿ.

ಕನ್ನಡದಲ್ಲಿ ವಿಜ್ಞಾನ ಕಲಿತರೆ ಏನು ಉಪಯೋಗ ಎಂದು ಪಾಲಕರು ಕೇಳುತ್ತಲೇ ಇರುತ್ತಾರೆ. ತಾಯಿನುಡಿಯಲ್ಲಿ ಕಲಿತ ಒಂದು ಭಾಗಾಕಾರ ಮಗುವಿನ ತೊಡೆ, ಮುಖ, ಕಣ್ಣು ಉಳಿಸಿದರೆ ಅದಕ್ಕಿಂತ ದೊಡ್ಡ ಉತ್ತರ ಬೇಕೇ? ಏನಂತೀರಿ?